ಫ್ರೌ, ಫ್ರಾಯ್ಲೈನ್, ಅದು

ಜರ್ಮನ್ ಗಂಡಸಿನ ಪಾಡು ಸುಲಭ. ಮೀಸೆ ಚಿಗುರಿ ದೊಡ್ಡವನಾದನೆಂದರೆ ಅವನು 'ಹೆರ್'. ಮದುವೆಯಾಗಲಿ, ಬಿಡಲಿ, ಆಗಿ ಬಿಟ್ಟು ಮತ್ತೆ ಆಗಲಿ, ಹೆರ್ ಮ್ಯುಲರ್ ಹೆರ್ ಮ್ಯುಲರೇ. ಹೆಂಗಸನ್ನು ಮಾತನಾಡಿಸುವ ಮೊದಲು ಮಾತ್ರ ಅವಳ ಸಂಸಾರದ ಸಮಾಚಾರ ಗೊತ್ತಿರಬೇಕಿತ್ತು. ಮದುವೆಯಾದವಳು 'ಫ್ರೌ', ಆಗದವಳು 'ಫ್ರಾಯ್ಲೈನ್', ಅಂದರೆ ಮರಿ ಫ್ರೌ. ಎಪ್ಪತ್ತು ದಾಟಿ ಊರುಗೋಲು ಹಿಡಿದರೂ ಬೆರಳಿಗೆ ಉಂಗುರ ಬೀಳದಿದ್ದರೆ ಮರಿಯೇ.

ಮದುವೆಯಾದ ಉಪಾಧ್ಯಾಯಿನಿ ಕೆಲಸ ಬಿಡಬೇಕೆಂಬ ಕಟ್ಟಳೆ ಅಲ್ಲಿ ಬಹಳ ಕಾಲ ಇತ್ತು. 1919ರ ವೈಮಾರ್ ಸಂವಿಧಾನ ಅದನ್ನು ಕಿತ್ತುಹಾಕಿದರೂ ಪದ್ಧತಿ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂತು. ಹೀಗಾಗಿ ಇಡೀ ತರಗತಿಯನ್ನು ಕಣ್ಣಲ್ಲೇ ನಡುಗಿಸುತ್ತಿದ್ದ ಗಟ್ಟಿಗಿತ್ತಿಯೂ ಫ್ರಾಯ್ಲೈನ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುವವಳು ಫ್ರಾಯ್ಲೈನ್. ಹೋಟೆಲಿನಲ್ಲಿ ಕಾಫಿ ತರುವವಳಂತೂ ಕೂಗಿದಷ್ಟು ಸಲ ಫ್ರಾಯ್ಲೈನ್.

ಈ ಪದದ ಹುಟ್ಟು ಮಾತ್ರ ಅರಮನೆಯ ಕಡೆಯದು. ಗಯಟೆಯ 'ಫೌಸ್ಟ್' ನಾಟಕದಲ್ಲಿ ನಾಯಕ ಬೀದಿಯಲ್ಲಿ ಗ್ರೆಚೆನ್ನಳನ್ನು ಫ್ರಾಯ್ಲೈನ್ ಎಂದು ಕರೆದಾಗ, ನಾನಲ್ಲ ಎಂದು ಅವಳು ನಡೆದುಬಿಡುತ್ತಾಳೆ. ಬಿಂಕವೇನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಆ ಬಿರುದು ಆಗ ದೊಡ್ಡ ಮನೆತನದ ಕನ್ಯೆಯರಿಗೆ ಮೀಸಲು. ಫ್ರೌ ಕೂಡ ಒಂದು ಕಾಲಕ್ಕೆ ದೊರೆಸಾನಿಯೇ. ಸಾಮಾನ್ಯ ಹೆಣ್ಣನ್ನು 'ವೈಬ್' ಎನ್ನುತ್ತಿದ್ದರು. ಇವತ್ತು ಹಾಗೆಂದರೆ ಕೆನ್ನೆ ಊದೀತು. ವೈಬ್ ಬೈಗುಳವಾಯಿತು, ಅದರ ಜಾಗಕ್ಕೆ ಫ್ರೌ ಇಳಿಯಿತು, ಫ್ರೌ ಬಿಟ್ಟ ಪೀಠಕ್ಕೆ ಫ್ರೆಂಚರಿಂದ 'ದಾಮೆ' ಬಂದು ಕೂತಿತು. ಆ ದಾಮೆಯನ್ನೂ ಈಗ ಹೆಚ್ಚಾಗಿ ನೋಡುವುದು ಶೌಚಾಲಯದ ಬಾಗಿಲ ಮೇಲೆ.

ಇನ್ನೊಂದು ಫಜೀತಿ, ಫ್ರಾಯ್ಲೈನ್ ನಪುಂಸಕಲಿಂಗ. ಟರ್ನಿಪ್ ಗೆಡ್ಡೆಗೆ ಹೆಣ್ತನ ಕೊಟ್ಟ ಭಾಷೆ ಹುಡುಗಿಗೆ ಕೊಡಲಿಲ್ಲವಲ್ಲ ಎಂದು ಮಾರ್ಕ್ ಟ್ವೇನ್ 1880ರಲ್ಲೇ ನಕ್ಕಿದ್ದ. ನಾವು ಜಾಸ್ತಿ ನಗುವ ಹಾಗಿಲ್ಲ. ಹವ್ಯಕರ ಮನೆಯಲ್ಲಿ 'ಅಕ್ಕ ಬಂತು' ಅನ್ನುತ್ತಾರೆ, ಬಂದ ಅಕ್ಕನಿಗೆ ಅದರಿಂದ ಬೇಸರವೂ ಇಲ್ಲ. ಜರ್ಮನ್ನಿನ ನೆಪ ಬೇರೆ: 'ಲೈನ್' ಬಾಲ ಅಂಟಿದ್ದೆಲ್ಲ 'ಅದು'.

1972ರಲ್ಲಿ ಪಶ್ಚಿಮ ಜರ್ಮನಿಯ ಗೃಹಮಂತ್ರಿ ಗೆನ್ಷರ್ ಅವರ ಇಲಾಖೆ ಸುತ್ತೋಲೆ ಹೊರಡಿಸಿತು: ಕಚೇರಿಗಳಲ್ಲಿ ಇನ್ನು ಫ್ರಾಯ್ಲೈನ್ ಇಲ್ಲ, ವಯಸ್ಕ ಹೆಂಗಸರೆಲ್ಲ ಫ್ರೌ. ಸುತ್ತೋಲೆಗಳ ಬಗ್ಗೆ ನನಗೆ ಅಂಥ ಭಕ್ತಿಯೇನಿಲ್ಲ, ಆದರೆ ಇದು ಊರಿನೊಳಕ್ಕೂ ಇಳಿಯಿತು. ಈಗ ಫ್ರಾಯ್ಲೈನ್ ಕಿವಿಗೆ ಬೀಳುವುದು ಹೆಚ್ಚಾಗಿ ತಾಯಿ ಮಗಳನ್ನು ಗದರುವಾಗ.

ಗಂಡನ ಪದವಿಯನ್ನು ಹೆಂಡತಿ ಉಟ್ಟುಕೊಳ್ಳುವ ಚಾಳಿಯೂ ಇತ್ತು. ಗಂಡ ಪ್ರಬಂಧ ಬರೆದರೆ ಹೆಂಡತಿ 'ಫ್ರೌ ಡಾಕ್ಟರ್'. ವಿಯೆನ್ನಾದವರಿಗೆ ಇದು ಬಲು ರುಚಿ. 2005ರಲ್ಲಿ ಆಂಗೆಲಾ ಮೆರ್ಕೆಲ್ ಗದ್ದುಗೆ ಏರಿದಾಗ 'ಚಾನ್ಸಲರ್'ನ ಸ್ತ್ರೀಲಿಂಗ ರೂಪವೇ ಜರ್ಮನಿಯಲ್ಲಿ ವರ್ಷದ ಪದವಾಯಿತು. ರಸಾಯನಶಾಸ್ತ್ರದ ಪ್ರೊಫೆಸರರಾದ ಅವರ ಗಂಡನನ್ನು 'ಹೆರ್ ಚಾನ್ಸಲರ್' ಎಂದು ಕರೆಯಬೇಕೆಂದು ಯಾರಿಗೂ ತೋಚಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಸೂಪರ್‌ಮಾರ್ಕೆಟ್ಟಿನ ಗಲ್ಲಾದವರ ಭಾಷೆ. ಗಿರಾಕಿಗಳ ಎದುರು ಸಹೋದ್ಯೋಗಿಯನ್ನು ಬರೀ ಹೆಸರಿನಿಂದ ಕೂಗುವುದು ಚೆನ್ನಲ್ಲ. ದಿನವೂ ಜೊತೆಗೇ ಬುತ್ತಿ ಬಿಚ್ಚುವವಳಿಗೆ ಬಹುವಚನ ಹಚ್ಚುವುದೂ ಬಾಯಿಗೆ ಬಾರದು. ಅದಕ್ಕೆ ಎರಡನ್ನೂ ಬೆರೆಸಿ ಅಂಗಡಿ ತುಂಬ ಕೇಳುವಂತೆ ಕೂಗುತ್ತಾರೆ: "ಫ್ರೌ ಮ್ಯುಲರ್, ಈ ಮೊಸರಿಗೆ ಎಷ್ಟೇ?"