ನಮ್ಮ ರಾಯರ ಮಲೇಷ್ಯಾ

ಮಲೇಷ್ಯಾ ನೋಡಲು ಹೊರಟ ಪ್ರತಿ ಟೂರಿಸ್ಟ್ ಬಸ್ಸಿನಲ್ಲೂ ಒಬ್ಬ ರಾಯರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ವಿದ್ಯುತ್ ಮಂಡಳಿಯಿಂದಲೋ ನಿವೃತ್ತರಾದವರು. ಡ್ರೈವರ್ ಹಿಂದಿನ ಕಿಟಕಿ ಸೀಟು ಅವರದು. ಭೂಮಧ್ಯರೇಖೆಯ ಪಕ್ಕದ ದೇಶವಾದರೂ ಬಸ್ಸಿನ ಏಸಿಗೆ ಹೆದರಿ ಮಂಕಿ ಕ್ಯಾಪ್ ಹಾಕಿರುತ್ತಾರೆ. ಗಡಿಯಾರದಲ್ಲಿ ಮಾತ್ರ ಇನ್ನೂ ಬೆಂಗಳೂರಿನ ಹೊತ್ತೇ. ಅಲ್ಲಿಯ ಸಮಯ ನಮಗಿಂತ ಎರಡೂವರೆ ಗಂಟೆ ಮುಂದು, ಬೆಳಿಗ್ಗೆ ಏಳಕ್ಕೆ ತಿಂಡಿಗೆ ಕರೆದರೆ, "ನಾಲ್ಕೂವರೆಗೆ ಯಾರ್ರೀ ಉಪ್ಪಿಟ್ಟು ತಿಂತಾರೆ?" ಎಂದು ಗದರುತ್ತಾರೆ. ಗದರಿ, ಎರಡು ಸಲ ಹಾಕಿಸಿಕೊಳ್ಳುತ್ತಾರೆ.

2023ರ ಡಿಸೆಂಬರಿನಿಂದ ಭಾರತೀಯರಿಗೆ ವೀಸಾ ಬೇಡವೆಂದು ಅಲ್ಲಿಯ ಸರ್ಕಾರ ಹೇಳಿದ ಮೇಲಂತೂ ರಾಯರ ಸಂತತಿ ಹೆಚ್ಚಿದೆ. ಇವರು ಹೋಗುವುದು ಮಲೇಷ್ಯಾ ನೋಡಲೆಂದಲ್ಲ. ನಮ್ಮಲ್ಲಿ ಇಲ್ಲದ್ದು ಅಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಮಾತು ಶುರುವಾಗುವುದೇ "ನಮ್ಮ" ಎಂದು. ಆ "ನಮ್ಮ" ಅಲ್ಲಿಯ ತೋಟದ ರಬ್ಬರಿನ ಹಾಗೆ, ಎಳೆದಷ್ಟೂ ಹಿಗ್ಗುತ್ತದೆ. ಮೊದಲು ಬಸವನಗುಡಿಯಷ್ಟಿದ್ದದ್ದು ಅಗತ್ಯ ಬಿದ್ದರೆ ಕರ್ನಾಟಕವಾಗುತ್ತದೆ, ಅದೂ ಸಾಲದಿದ್ದರೆ ಇಡೀ ಭಾರತ.

ಕೌಲಾಲಂಪುರದ ಹೊರಗೆ ಬಾಟು ಗುಹೆ. ಬುಡದಲ್ಲಿ ಚಿನ್ನದ ಬಣ್ಣದ ಮುರುಗನ್ ನಿಂತಿದ್ದಾನೆ, 140 ಅಡಿ, 2006ರಲ್ಲಿ ಅನಾವರಣಗೊಂಡ ವಿಗ್ರಹ. ಪಕ್ಕದಲ್ಲೇ ಗುಹೆಗೆ ಹತ್ತುವ 272 ಮೆಟ್ಟಿಲು. 2018ರಲ್ಲಿ ಕಾಮನಬಿಲ್ಲಿನ ಬಣ್ಣವನ್ನೆಲ್ಲ ಬಳಿದುಕೊಂಡ ಮೇಲೆ ಅವಕ್ಕೆ ಫೋಟೊ ತೆಗೆಯುವವರ ಕಾಟ. ತೈಪೂಸಂ ದಿನ ಇಲ್ಲಿ ಕಾವಡಿ ಹೊತ್ತ ಲಕ್ಷಾಂತರ ಜನ ಸೇರುತ್ತಾರೆ. ಗೈಡ್ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ರಾಯರ ಲೆಕ್ಕ ತಯಾರು.

"ನಮ್ಮ ಮುರುಡೇಶ್ವರದ ಶಿವ 123 ಅಡಿ."

"ಹಾಗಾದ್ರೆ ಇದೇ ದೊಡ್ಡದಾಯ್ತಲ್ಲ ಸಾರ್," ಎಂದ ಹಿಂದಿನ ಸೀಟಿನ ಹುಡುಗ.

"ನಮ್ಮ ಶಿವ ಕೂತಿದ್ದಾನಪ್ಪ. ಅವನು ಎದ್ದು ನಿಂತರೆ ಎಷ್ಟಾಗುತ್ತೆ ಲೆಕ್ಕ ಹಾಕು. ಅಪ್ಪ ಅಪ್ಪನೇ."

ಮೆಟ್ಟಿಲ ವಿಷಯದಲ್ಲೂ ಅಷ್ಟೇ. "ನಮ್ಮ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲ ಮುಂದೆ 272 ಯಾವ ಲೆಕ್ಕ?" ಎಂದರು. ರಾಯರ ಹೆಂಡತಿ ಸೆರಗು ಸಿಕ್ಕಿಸಿಕೊಳ್ಳುತ್ತಾ, "ಬೆಟ್ಟಕ್ಕೆ ನಾವು ಯಾವಾಗಲೂ ಕಾರಲ್ಲೇ ಹೋಗೋದಲ್ವೇನ್ರೀ?" ಎಂದು ಕೇಳಿ ಹತ್ತತೊಡಗಿದರು. ಅವರು ಮೇಲೆ ಕೈಮುಗಿದು ಇಳಿದು ಬಂದಾಗ ರಾಯರು ಮೂರನೇ ಒಂದು ಪಾಲಿನಲ್ಲಿ ಕೂತು, ತಮ್ಮ ಕೊಬ್ಬರಿ ಮಿಠಾಯಿ ಕಿತ್ತುಕೊಂಡ ಕೋತಿಯ ಕಡೆ ನೋಡುತ್ತಿದ್ದರು. ಕೋತಿಯ ವಿಷಯದಲ್ಲಿ ಮಾತ್ರ ಅವರು ಯಾವ ಹೋಲಿಕೆಯನ್ನೂ ಕೊಡಲಿಲ್ಲ.

ಪೆಟ್ರೋನಾಸ್ ಜೋಡಿ ಗೋಪುರ ಸ್ವಲ್ಪ ಕಷ್ಟ ಕೊಟ್ಟಿತು. 88 ಅಂತಸ್ತು, 452 ಮೀಟರ್. ಎರಡನ್ನೂ ಜೋಡಿಸುವ ಸೇತುವೆಯೇ 41, 42ನೇ ಮಹಡಿಯ ಎತ್ತರದಲ್ಲಿದೆ. ನಮ್ಮ ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗನ್ನು ಎಷ್ಟು ಎಳೆದರೂ ಅಲ್ಲಿಗೆ ಮುಟ್ಟದು. ಆದರೆ 2004ರಲ್ಲಿ ತೈಪೆಯ ಕಟ್ಟಡವೊಂದು ಇದನ್ನು ಹಿಂದೆ ಹಾಕಿತೆಂದು ತಿಳಿದಾಗ, ಅದನ್ನು ತಾವೇ ಕಟ್ಟಿಸಿದಷ್ಟು ಸಮಾಧಾನಪಟ್ಟರು. ಬಸ್ಸು ಹೋದದ್ದು ಸೋಮವಾರ, ಆವತ್ತು ಮೇಲೆ ಬಿಡುವುದಿಲ್ಲ. "ನೋಡಿ, ನಮ್ಮ ಮ್ಯೂಸಿಯಂ ಥರಾನೇ ಸೋಮವಾರ ರಜೆ," ಎಂದರು ರಾಯರು. ಈ ದೇಶದ ಬಗ್ಗೆ ಅವರಿಗೆ ಮೊದಲ ಬಾರಿ ಗೌರವ ಹುಟ್ಟಿದ್ದು ಅಲ್ಲೇ.

ಗೆಂಟಿಂಗ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಬೆಟ್ಟದ ತುದಿಗೆ ಕೇಬಲ್ ಕಾರಿನಲ್ಲಿ ಹೋಗಿ ಮಾಲ್ ಸುತ್ತುವ ಆಸೆಯಿದ್ದವರು ಹೋಗಬಹುದು. ಸುಮಾರು 1,800 ಮೀಟರ್ ಎತ್ತರ. "ನಮ್ಮ ಮುಳ್ಳಯ್ಯನಗಿರಿ 1,930," ಎಂದು ರಾಯರು ಕೇಬಲ್ ಕಾರಿನಲ್ಲೇ ಗೆದ್ದುಬಿಟ್ಟರು. ಅಲ್ಲಿಯ ಒಂದು ಹೋಟೆಲಿನಲ್ಲಿ 7,351 ಕೋಣೆಗಳಿವೆ, ಗಿನ್ನೆಸ್ ದಾಖಲೆ. ಅದಕ್ಕೆ ಬಂದ ಒಂದೇ ಒಂದು ಅರ್ಥಪೂರ್ಣ ಪ್ರಶ್ನೆ ರಾಯರ ಹೆಂಡತಿಯದು: "ಅಷ್ಟು ಕೋಣೆ ಹಾಸಿಗೆ ಬಟ್ಟೆ ಯಾರು ಒಗೀತಾರೆ?" ದೇಶದ ಮುಸ್ಲಿಮರಿಗೆ ಕಾನೂನಿನಂತೆ ಪ್ರವೇಶವಿಲ್ಲದ ಕ್ಯಾಸಿನೊ ಬಾಗಿಲಲ್ಲಿ ರಾಯರು ಒಂದು ಕ್ಷಣ ನಿಂತರು. "ನಮ್ಮ ಧರ್ಮರಾಯ ರಾಜ್ಯಾನೇ ಪಣಕ್ಕಿಟ್ಟವನು. ಇದೇನ್ ಮಹಾ!" "ನಮ್ಮ" ಎಂಬುದು ದ್ವಾಪರಯುಗದವರೆಗೂ ಹಿಗ್ಗುತ್ತದೆಂದು ಅಲ್ಲಿ ಗೊತ್ತಾಯಿತು.

ಕ್ಯಾಮರಾನ್ ಹೈಲ್ಯಾಂಡ್ಸ್‌ನ ಬೋ ಟೀ ತೋಟ ಶುರುವಾದದ್ದು 1929ರಲ್ಲಿ. ಇಳಿಜಾರಿನ ಉದ್ದಕ್ಕೂ ಕತ್ತರಿಸಿಟ್ಟ ಹಸಿರು, ತಣ್ಣನೆ ಮಂಜು. ಟೀ ಕುಡಿದು, "ನಮ್ಮ ಬಾಬಾಬುಡನ್‌ಗಿರಿ ಕಾಫಿ ಮುಂದೆ..." ಎಂದು ಅರ್ಧಕ್ಕೇ ಬಿಟ್ಟರು, ಉಳಿದದ್ದು ಎಲ್ಲರಿಗೂ ಗೊತ್ತೆಂಬಂತೆ. ಅವರನ್ನು ನಿಜವಾಗಿ ಕೆರಳಿಸಿದ್ದು ಸ್ಟ್ರಾಬೆರಿ ತೋಟ. "ಹಣ್ಣು ನಾವೇ ಕೀಳಬೇಕಂತೆ, ದುಡ್ಡೂ ನಾವೇ ಕೊಡಬೇಕಂತೆ! ನಮ್ಮಲ್ಲಿ ಕಿತ್ತವರಿಗೆ ಕೂಲಿ ಕೊಡ್ತಾರೆ."

ಊಟದ ಗೋಳು ಬೇರೆ. ಪೆನಾಂಗ್‌ಗೆ ಜನ ಹೋಗುವುದೇ ತಿನ್ನಲು. ಜಾರ್ಜ್ ಟೌನಿನ ಬೀದಿಯಲ್ಲಿ "ವೆಜ್?" ಎಂದರೆ "ವೆಜ್, ವೆಜ್, ಸ್ವಲ್ಪ ಸಣ್ಣ ಮೀನು ಅಷ್ಟೇ" ಎನ್ನುವವರಿದ್ದಾರೆ. ಕೊನೆಗೆ ಗೈಡ್ ಚೀನೀ ಬೌದ್ಧರ ಅಪ್ಪಟ ಸಸ್ಯಾಹಾರಿ ಹೋಟೆಲಿಗೆ ಕರೆದೊಯ್ದ. ತಟ್ಟೆಯಲ್ಲಿ ಸೋಯಾದಿಂದ ಮಾಡಿದ ಕೋಳಿ ಕಾಲು ಬಂತು, ಚರ್ಮದ ಸುಕ್ಕಿನ ಸಮೇತ. ರಾಯರು ಕುರ್ಚಿ ಹಿಂದೆ ಸರಿಸಿದರು. ಅದು ಬರೀ ಸೋಯಾ ಎಂದು ಹೇಳಿದಷ್ಟೂ ಅವರ ಅನುಮಾನ ಹೆಚ್ಚಿತು: "ಕೋಳಿ ಅಲ್ಲದಿದ್ರೆ ಕೋಳಿ ಥರ ಯಾಕಿರಬೇಕು?" ಆಮೇಲೆ ಬೀದಿಬದಿಯ ಗಾಡಿಯಲ್ಲಿ ಕಾಯಿತುರಿ, ಕಂದು ಸಕ್ಕರೆ ಹಾಕಿ ಕೊಡುವ ಪುಟು ಮಾಯಂ ಕಂಡಿತು. "ಅಯ್ಯೋ, ನಮ್ಮ ಒತ್ತುಶಾವಿಗೆ!" ಎಂದು ಕೂಗಿದ ಆ ದನಿಯಲ್ಲಿ ವಾದವಿರಲಿಲ್ಲ, ಹಸಿವಿತ್ತು.

ಅವರ ಹೋಲಿಕೆಗೆ ತಡೆ ಬಿದ್ದದ್ದು ಮೆಲಾಕಾದಲ್ಲಿ. ಅಲ್ಲಿ ಒಂದೇ ಬೀದಿಯಲ್ಲಿ ಚೀನೀಯರ ಚೆಂಗ್ ಹೂನ್ ತೆಂಗ್ ಗುಡಿ, ಗೋಪುರದಂತೆ ಮೆಟ್ಟಿಲು ಮೆಟ್ಟಿಲಾದ ಚಾವಣಿಯ ಕಂಪುಂಗ್ ಕ್ಲಿಂಗ್ ಮಸೀದಿ, 1781ರ ವಿನಾಯಕನ ಗುಡಿ. ಗುಡಿ ಕಟ್ಟಿದವರು ಮೆಲಾಕಾ ಚೆಟ್ಟಿಗಳು: ಸುಲ್ತಾನರ ಕಾಲದಲ್ಲಿ ವ್ಯಾಪಾರಕ್ಕೆ ಬಂದು ಅಲ್ಲಿಯ ಹೆಂಗಸರನ್ನೇ ಮದುವೆಯಾದ ತಮಿಳರ ವಂಶ. ಗುಡಿಯ ಮುಂದೆ ವಿಭೂತಿ ಇಟ್ಟ ವೃದ್ಧರೊಬ್ಬರು ಸಿಕ್ಕರು. ರಾಯರು ಹಿಂದೊಮ್ಮೆ ಹಲಸೂರಿನ ಬಾಡಿಗೆಮನೆಯಲ್ಲಿ ಕಲಿತ ತಮಿಳನ್ನೆಲ್ಲ ಸುರಿದರು. ವೃದ್ಧರು ಮುಗುಳ್ನಕ್ಕು ಇಂಗ್ಲಿಷಿನಲ್ಲಿ, ತಮ್ಮ ಮನೆಮಾತು ಮಲಯ್, ತಮಿಳು ಬಾರದು, ದೇವರು ಮಾತ್ರ ಇವನೇ ಎಂದರು. ಹೆಂಗಸರ ಉಡುಗೆ? ಸರಂಗ್. ಹಬ್ಬ? ಪೊಂಗಲ್.

ರಾಯರು ಬಸ್ಸಿಗೆ ಬಂದು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. "ಅಲ್ವೇ, ಇವರನ್ನ ನಮ್ಮೋರು ಅನ್ನೋದೋ, ಅವರೋರು ಅನ್ನೋದೋ?"

ಅವರ ಹೆಂಡತಿ ಹುರಿಗಾಳಿನ ಪೊಟ್ಟಣ ಬಿಚ್ಚುತ್ತಾ ಹೇಳಿದರು: "ನಮ್ಮನೇಲಿ ತಲೆತಲಾಂತರದಿಂದ ತೆಲುಗು. ನೀವು ಬೀದೀಲಿ ಕನ್ನಡಕ್ಕೆ ಜಗಳ ಆಡಿ, ಒಳಗೆ ಬಂದು ನನ್ನನ್ನ ತೆಲುಗಲ್ಲಿ ಬೈತೀರಿ. ಯಾರಾದ್ರೂ ಕೇಳಿದ್ರಾ, ನೀವು ಯಾರೋರು ಅಂತ?"

ರಾಯರು ಗಡಿಯಾರ ನೋಡಿಕೊಂಡು, ಬೆಂಗಳೂರಿನಲ್ಲಿ ಈಗ ಕಾಫಿ ಹೊತ್ತು ಎಂದರು.

ಇಂಥವರು ಊರಿಗೆ ಮರಳಿದ ಮೇಲೆ ಸುಧಾರಿಸುತ್ತಾರೆಂದು ಯಾರೂ ತಿಳಿಯಬಾರದು. ಈಗ "ನಮ್ಮ" ಮಲೇಷ್ಯಾವನ್ನೂ ನುಂಗಿಕೊಂಡಿದೆ. ಚಿಕ್ಕಮಗಳೂರಿನ ಹೋಂಸ್ಟೇ ಜಗುಲಿಯಲ್ಲಿ ಕೂತು, "ನಮ್ಮ ಕ್ಯಾಮರಾನ್‌ನಲ್ಲಿ ರಸ್ತೆ ನೋಡ್ಬೇಕು ನೀವು" ಎನ್ನುತ್ತಾರೆ. ಬಡಾವಣೆಯಲ್ಲಿ ಮಲೇಷ್ಯಾಕ್ಕೆ ಹೊರಟವರೆಲ್ಲ ಇವರಿಗೆ ಫೋನ್ ಮಾಡದೆ ಟಿಕೆಟ್ ಕೊಳ್ಳುವುದಿಲ್ಲ.

ಮೊನ್ನೆಯೂ ಯಾರೋ ಕೇಳುತ್ತಿದ್ದರು. ರಾಯರು ಸೋಫಾದಲ್ಲಿ ಕಾಲು ಚಾಚಿ ಹೇಳುತ್ತಿದ್ದರು: "ನಮ್ಮ ಲಂಕಾವಿ ಬಿಡಲೇಬೇಡಿ. 99 ದ್ವೀಪ! ಕೇಬಲ್ ಕಾರಲ್ಲಿ ಮೇಲೆ ಹೋದ್ರೆ ಬಾಗಿದ ತೂಗುಸೇತುವೆ. ನಡೀತಾ ಇದ್ರೆ ಕಾಲಡಿ ಕಾಡು, ಆಚೆಗೆ ಸಮುದ್ರ..."

"ನಾವು ಲಂಕಾವಿಗೆ ಹೋಗಲೇ ಇಲ್ಲವಲ್ರೀ?" ಎಂದಿತು ಅಡುಗೆಮನೆ.

ರಾಯರು ಫೋನಿಗೆ ಅಂಗೈ ಮುಚ್ಚಿದರು. "ಅವರು ಕೇಳ್ತಾ ಇರೋದು ಹೇಗಿದೆ ಅಂತ. ಹೋಗಿದ್ರಾ ಅಂತ ಅಲ್ಲ."