ತೆಂಗಿನ ಡಾಕ್ಟರುಗಳ ಕೈಗೆ ಸಿಕ್ಕ ಗೋಸುಂಬೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಡಾಕ್ಟರಲ್ಲದವರು ಯಾರೂ ಇಲ್ಲ. ಟೀ ಅಂಗಡಿ ಮುಂದೆ ಬೀಡಿ ಹಚ್ಚಿಕೊಂಡು ಕೂತವನನ್ನು ಕೇಳಿ ನೋಡಿ. ಕಾಂಡದಿಂದ ಕಂದು ರಸ ಸೋರಿದರೆ ಕೆತ್ತಿ ಬೋರ್ಡೋ ಮುಲಾಮು ಬಳಿ, ಗರಿ ಸುಟ್ಟಂತೆ ಕಂಡರೆ ಕಪ್ಪು ತಲೆ ಹುಳು, ಕಾಯಿ ಮೇಲೆ ಕಂದು ಪಟ್ಟೆ ಎದ್ದರೆ ನುಸಿ, ಸುಳಿ ಮುದುರಿಕೊಂಡರೆ ಬೋರಾನ್ ಕೊರತೆ ಎಂದು ಹೊಗೆ ಬಿಡುತ್ತಲೇ ಹೇಳಿ ಮುಗಿಸುತ್ತಾನೆ. ನಮ್ಮ ಮೈಗೆ ಹುಷಾರು ತಪ್ಪಿದರೆ ತುಮಕೂರಿಗೋ ಬೆಂಗಳೂರಿಗೋ ಓಡುತ್ತೇವೆ, ಮರದ ಕಾಯಿಲೆಗೆ ನಾವೇ ಸಾಕು. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ತೋಟಕ್ಕೆ ಬಂದು ಬಿಡಿಸಿ ಹೇಳಿದರೂ 'ಸರಿ ಸಾರ್' ಎಂದು ತಲೆಯಾಡಿಸಿ, ಅವರ ಜೀಪು ತಿರುವು ದಾಟಿದ ಮೇಲೆ ನಮ್ಮ ಚಿಕಿತ್ಸೆಯನ್ನೇ ಮುಂದುವರಿಸುವ ಧೈರ್ಯವಂತರು ನಾವು.

ಇಂಥ ಊರಿನಲ್ಲಿ ಒಂದು ಗೋಸುಂಬೆಗೆ ಕಾಯಿಲೆಯಾಯಿತು.

ಹಿಂಗಾರು ಮಳೆ ಒಂದೆರಡು ಹದ ಬಿದ್ದು ನಿಂತಿತ್ತು. ಮರದ ಮೇಲೆ ಇರಬೇಕಾದ ಪ್ರಾಣಿ ತೋಟದ ನೆಲದ ಮೇಲೆ, ಒಣಗರಿಯ ಪಕ್ಕದಲ್ಲಿ, ಮುಂದಕ್ಕೊಂದು ಹೆಜ್ಜೆ ಇಡಲೋ ಬೇಡವೋ ಎಂದು ತೂಗುತ್ತಾ ನಿಂತಿತ್ತಂತೆ. ಮೈ ಮಸಿಬಣ್ಣಕ್ಕೆ ತಿರುಗಿತ್ತು. ಮಗಳು ಅದನ್ನು ಮಂಕರಿಯಲ್ಲಿ ಹೊತ್ತು ತಂದು ಜಗಲಿ ಮೇಲಿಟ್ಟಳು. ತಮ್ಮ ನೋಡಿದವನೇ, "ಓತಿಕ್ಯಾತ, ಬೇಲಿಗೆ ಎಸಿ" ಎಂದ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯನ್ನು ಬಾಯಲ್ಲೂ, ಓತಿಕ್ಯಾತಕ್ಕೆ ಹೊಡೆಯುವ ಕಲ್ಲನ್ನು ಕೈಯಲ್ಲೂ ಇಟ್ಟುಕೊಂಡು ಬೆಳೆದ ಪೀಳಿಗೆ ನಮ್ಮದು, ಅವನದೇನು ತಪ್ಪಿಲ್ಲ. ಮಗಳು ಬಿಡಲಿಲ್ಲ. ಇದು ಗೋಸುಂಬೆ, ಇಡೀ ಇಂಡಿಯಾದಲ್ಲಿ ಇರೋದೇ ಈ ಒಂದು ಜಾತಿ, ಕಾಲು ನೋಡು ಎಂದಳು. ನೋಡಿದೆವು. ಐದು ಬೆರಳು ಒಂದು ಕಡೆ ಎರಡು, ಇನ್ನೊಂದು ಕಡೆ ಮೂರಾಗಿ ಕೂಡಿಕೊಂಡು ಇಕ್ಕಳವಾಗಿದ್ದವು. ಅವಳ ತೋರುಬೆರಳನ್ನು ಆ ಇಕ್ಕಳ ಹಿಡಿದಿತ್ತು. ಕಣ್ಣು ಅಂದರೆ ಚರ್ಮದ ಗೋಪುರ, ತುದಿಯಲ್ಲಿ ಸಾಸಿವೆಯಷ್ಟು ಕಿಂಡಿ. ಒಂದು ಗೋಪುರ ನನ್ನ ಕಡೆ, ಇನ್ನೊಂದು ತಮ್ಮನ ಕಡೆ. ಇಬ್ಬರ ಬಗ್ಗೆಯೂ ಅದಕ್ಕೆ ಒಳ್ಳೆಯ ಅಭಿಪ್ರಾಯ ಬಂದಂತೆ ಕಾಣಲಿಲ್ಲ.

ಅರ್ಧ ಗಂಟೆಯೊಳಗೆ ವೈದ್ಯಕೀಯ ಮಂಡಳಿ ಸೇರಿತು. ಪಕ್ಕದ ತೋಟದವರು ಬೋರಾನ್ ಕೊರತೆ ಎಂದರು. ಅವರು ಮಗನ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ಅದನ್ನೇ ಅಂದಿದ್ದವರು. ಕಾಯಿ ಕೀಳಲು ಬಂದಿದ್ದವನು ಬೇರಿಗೆ ಔಷಧಿ ಕಟ್ಟುವುದೇ ವಾಸಿ ಎಂದ. ಎಳೆ ಬೇರನ್ನು ಓರೆಯಾಗಿ ಕುಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಇಳಿಬಿಟ್ಟು, ದಾರ ಸುತ್ತಿದರೆ ಬೆಳಗಾಗುವುದರೊಳಗೆ ಮರ ಕುಡಿದು ಮುಗಿಸಿರುತ್ತದೆ. ಇದಕ್ಕೆ ಬೇರು ಎಲ್ಲಿ ಅಂದಾಗ ಅವನು ಬಾಲದ ಕಡೆ ನೋಡಿದ. ಬಾಲ ತಕ್ಷಣ ಸುರುಳಿ ಸುತ್ತಿಕೊಂಡಿತು. ಪಿಯುಸಿಯಲ್ಲಿ 'ಕರ್ವಾಲೊ' ಓದಿದ್ದ ಹುಡುಗನೊಬ್ಬ "ಹಾರುತ್ತಾ ಇದು?" ಎಂದು ಕೇಳಿದ. ತೇಜಸ್ವಿಯವರು 1980ರಲ್ಲಿ ಆ ಪುಸ್ತಕ ಬರೆದಾಗಿನಿಂದ ಮಲೆನಾಡಿಗೆ ಹಾರುವ ಓತಿ ಖಾಯಂ ಆಯಿತು. ನಮ್ಮ ಬಯಲುಸೀಮೆಯ ಪಾಲಿಗೆ ಬಂದದ್ದು ನಡೆಯುವುದಕ್ಕೇ ಯೋಚನೆ ಮಾಡುವಂಥದ್ದು.

ಪಶುವೈದ್ಯರಿಗೆ ಫೋನು ಹಚ್ಚಿದೆ. ಹಸು, ಎಮ್ಮೆ, ಕುರಿಗಳಲ್ಲಿ ಕೈ ಪಳಗಿದವರು. ತೂಕ ಎಷ್ಟು ಎಂದರು. ಕೊಬ್ಬರಿ ತೂಗುವ ಯಂತ್ರದ ಮೇಲೆ ಕೂರಿಸಿದೆವು, ಸೊನ್ನೆ ತೋರಿಸಿತು. "ವ್ಯಾಪಾರಿ ಸೂಟು ಕಳೆದರೆ ನಾವೇ ದುಡ್ಡು ಕೊಡಬೇಕಾಗುತ್ತೆ" ಎಂದ ತಮ್ಮ. ಡಾಕ್ಟರು ನಕ್ಕು, ಆದರೂ ಕೆಲಸಕ್ಕೆ ಬರುವ ಮಾತನ್ನೇ ಹೇಳಿದರು: ತಟ್ಟೆಯಲ್ಲಿ ನೀರಿಟ್ಟರೆ ಇವು ಕುಡಿಯುವುದಿಲ್ಲ, ಎಲೆ ಮೇಲೆ ಹನಿ ಬೀಳಿಸಿ, ಕಣ್ಣು ಗುಳಿ ಬಿದ್ದಿದ್ದರೆ ನೀರಿನ ಕೊರತೆ, ಬೆಳಗಿನ ಬಿಸಿಲು ತೋರಿಸಿ, ಬಿಸಿಲಿಲ್ಲದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತದೆ ಮೂಳೆ ಮೆತ್ತಗಾಗುತ್ತೆ. ಕ್ಯಾಲ್ಸಿಯಂ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಪಕ್ಕದ ತೋಟದವರು ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದರು. ಅಮ್ಮ ಅದನ್ನು ಕಿತ್ತಿಟ್ಟುಕೊಳ್ಳದಿದ್ದರೆ ರೋಗಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ದಾಸವಾಳದ ಗಿಡವೇ ವಾರ್ಡಾಯಿತು. ಮಗಳು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಎಲೆ ತೋಯಿಸಿದಳು. ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಯಿ ಅಗಲಿಸಿ, ಎಲೆಯ ತುದಿಯಲ್ಲಿ ತೂಗುತ್ತಿದ್ದ ಹನಿಯನ್ನು ಒಳಗೆ ಎಳೆದುಕೊಂಡಿತು. ಗಂಟಲು ಆಡಿತು. ಜಗಲಿಯಲ್ಲಿ ಚಪ್ಪಾಳೆ ಬಿತ್ತು.

ಊಟದ್ದೇ ತಾಪತ್ರಯ. ಮಿಡತೆ ಹಿಡಿಯಲು ಮನೆಮಂದಿಯೆಲ್ಲ ಹುರುಳಿ ಹೊಲಕ್ಕೆ ಇಳಿದೆವು. ಬೇಡವಾದಾಗ ಮುಖಕ್ಕೇ ಹಾರುವ ಮಿಡತೆಗಳು ಬೇಕಾದಾಗ ಊರು ಬಿಟ್ಟಿದ್ದವು. ಕಡೆಗೂ ಸಿಕ್ಕಿದ ಒಂದನ್ನು ಮುಂದೆ ಬಿಟ್ಟರೆ, ಮೈಗಿಂತ ಉದ್ದದ ನಾಲಿಗೆಯಿದೆ ಎಂದು ಹೆಸರಾದ ಪ್ರಾಣಿ ಬಾಯಿಯನ್ನೇ ಬಿಡಲಿಲ್ಲ. ಮಿಡತೆ ಅದರ ತಲೆ ಮೇಲೆ ಕೂತು ಕಾಲು ಉಜ್ಜಿಕೊಂಡಿತು.

ಈ ಆರೈಕೆಯ ನಡುವೆ ನನಗೊಂದು ಕೆಲಸವಿಲ್ಲದ ಕೆಲಸ ಅಂಟಿತು, ಬಣ್ಣ ನೋಡುವುದು. ಪಕ್ಷ ಬಿಟ್ಟವನನ್ನೆಲ್ಲ ಗೋಸುಂಬೆ ಎಂದು ಬೈಯುವ ನಾಡು ನಮ್ಮದು. ನಿಜವಾದ ಗೋಸುಂಬೆಗೆ ಆ ಕಲೆ ಗೊತ್ತೇ ಇಲ್ಲ. ಹಸಿರೆಲೆಯ ಮೇಲಿಟ್ಟರೂ ಮಸಿಬಣ್ಣ, ಕೆಂಪು ಮಣೆಯ ಮೇಲಿಟ್ಟರೂ ಅದೇ. ಬಿಸಿಲು ತಾಕಿದರೆ ಒಂದು ಬಗೆ, ತಮ್ಮ ಹತ್ತಿರ ಬಂದರೆ ಇನ್ನೊಂದು ಬಗೆ. ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ಮಡಗಾಸ್ಕರಿನ ಗೋಸುಂಬೆಯ ಚರ್ಮ ಪರೀಕ್ಷಿಸಿ, ಒಳಗಿರುವ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗಿದಂತೆ ಬಣ್ಣ ಬದಲಾಗುತ್ತದೆ ಎಂದು ತೋರಿಸಿದ್ದಾರೆ. ಹೆದರಿದರೆ, ಸಿಟ್ಟು ಬಂದರೆ, ಚಳಿಯಾದರೆ ಮೈಮೇಲೆ ಬರೆದುಕೊಂಡು ನಿಲ್ಲುತ್ತದೆ, ಮುಚ್ಚಿಡಲು ಬರುವುದಿಲ್ಲ. ಬಣ್ಣ ಬದಲಿಸುವುದು ಅಂದರೆ ನಮ್ಮ ತಮ್ಮನದು. 2023ರಲ್ಲಿ ಉಂಡೆ ಕೊಬ್ಬರಿ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿದ್ದಾಗ ಅವನು ತೋಟ ಮಾರಿ ಬೆಂಗಳೂರಿಗೆ ಹೋಗುವ ತೀರ್ಮಾನ ಮಾಡಿದ್ದ. 2025ರಲ್ಲಿ ಬೆಂಬಲ ಬೆಲೆ 12,100 ಇದ್ದು, ತಿಪಟೂರು ಮಾರುಕಟ್ಟೆಯ ಹರಾಜು ಅದರ ಎರಡರಷ್ಟನ್ನು ದಾಟಿದಾಗ ಮಣ್ಣೇ ತಾಯಿ ಎಂದ. ಅಟ್ಟದ ಕಾಯಿಯನ್ನು ಮಾತ್ರ ಇನ್ನೂ ಏರಲಿ ಎಂದು ಸುಲಿಸಲಿಲ್ಲ. ವ್ಯಾಪಾರಿಯ ಮುಂದೆ ಬಡವ, ಬೀಗರ ಮುಂದೆ ಸಾಹುಕಾರ, ಸೊಸೈಟಿ ಸಾಲದವರ ಮುಂದೆ ಸಂನ್ಯಾಸಿ. ಮೂರೂ ಒಂದೇ ಬೆಳಗ್ಗೆ, ಒಂದೇ ಅಂಗಿಯಲ್ಲಿ.

ಅಷ್ಟರಲ್ಲಿ ಮಗಳಿಗೆ ಕಾನೂನು ನೆನಪಾಯಿತು. ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಸೇರಿದ ಪ್ರಾಣಿ, ಮನೆಯಲ್ಲಿ ಸಾಕಿದರೆ ಕೇಸು. ತಮ್ಮ ಮಸಿಬಣ್ಣಕ್ಕೆ ತಿರುಗಿದ. ಅರಣ್ಯ ಇಲಾಖೆಗೆ ಫೋನು ಮಾಡಿದೆವು. "ಸಾಕಿದೀರಾ?" ಎಂದರು. "ಇಲ್ಲ ಸಾರ್, ನೋಡಿಕೊಳ್ತಾ ಇದೀವಿ" ಎಂದೆ. ಗಾಯವಿದೆಯಾ, ಕಣ್ಣು ತೆರೆದಿದೆಯಾ, ಎಲ್ಲಿ ಸಿಕ್ಕಿತು ಎಂದು ಸಮಾಧಾನವಾಗಿ ಕೇಳಿದರು. ಹೊಟ್ಟೆ ಹೇಗಿದೆ ಎಂದೂ ಕೇಳಿದರು. ಹೊಟ್ಟೆಯನ್ನು ಯಾರು ನೋಡಿದ್ದರು? ನಾವೆಲ್ಲ ಬಾಲ, ಕಣ್ಣು, ಬಣ್ಣದಲ್ಲೇ ಮುಳುಗಿದ್ದೆವು.

ನೋಡಿದ್ದು ಅಮ್ಮ. ಅವಳಿಗೆ ಕಾಯಿಲೆಗಳ ಹೆಸರು ಗೊತ್ತಿಲ್ಲ. ಅಟ್ಟದ ಮೇಲೆ ವರ್ಷ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದು ಗೊತ್ತು. ಸುಲಿದು ನೋಡುವ ದರಿದ್ರ ಅವಳಿಗಿಲ್ಲ. ಗೋಸುಂಬೆಯನ್ನು ಅಲ್ಲಾಡಿಸಲಿಲ್ಲ, ಪುಣ್ಯ. ಕೊಂಬೆಯ ಕೆಳಗೆ ಬಗ್ಗಿ, ಪಕ್ಕೆಯ ಚರ್ಮದ ಒಳಗೆ ಸಾಲಾಗಿ ಉಬ್ಬಿದ್ದ ಗುಳುಪುಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಬಸುರಿ ಕಣ್ರಲಾ ಇದು. ದಿನ ತುಂಬೈತೆ. ಊಟ ಎಲ್ಲಿ ಸೇರ್ತದೆ? ನೆಲ ಕೆರಕಳಕೆ ಜಾಗ ಹುಡುಕ್ತಿದ್ರೆ ಮಂಕರೀಲಿ ಹೊತ್ಕಂಡ್ ಬಂದವ್ರೆ, ಬೋರಾನ್ ಅಂತೆ ಬೋರಾನ್."

ಆ ಕಡೆಯಿಂದ ಫೋನಿನಲ್ಲಿ ಅರಣ್ಯದವರೂ ಅದನ್ನೇ ಅಂದರು. ಹಿಂಗಾರಿನಲ್ಲಿ ಹೆಣ್ಣು ಮರ ಇಳಿದು, ನೆಲ ತೋಡಿ, ಹತ್ತರಿಂದ ಮೂವತ್ತರ ತನಕ ಮೊಟ್ಟೆಯಿಟ್ಟು ಮಣ್ಣು ಮುಚ್ಚುತ್ತದಂತೆ. ಎಲ್ಲಿಂದ ತಂದಿರೋ ಅಲ್ಲಿಗೇ ಬಿಡಿ, ಹಿಂದೆ ಹಿಂದೆ ಹೋಗಬೇಡಿ ಎಂದರು. ಬಿಟ್ಟೆವು. ಹಿಂದೆ ಹೋಗಬೇಡಿ ಎಂದದ್ದನ್ನು ಮಂಡಳಿ ಪಾಲಿಸಲಿಲ್ಲ, ದೂರದ ಬದುವಿನ ಮೇಲೆ ಸಾಲಾಗಿ ಕೂತಿತು. ಅದು ಒಂದು ತೆಂಗಿನ ಪಾತಿಯ ಅಂಚು ಆರಿಸಿಕೊಂಡು, ಮುಂಗಾಲಿನಲ್ಲಿ ಮಣ್ಣು ಎಳೆದು ಹಿಂಗಾಲಿನಲ್ಲಿ ತಳ್ಳುತ್ತಾ ಮಧ್ಯಾಹ್ನವೆಲ್ಲ ತೋಡಿತು. ಕೂಲಿ ಮಾತಾಡದೆ ಪಾತಿ ಕೆಲಸ ಆದದ್ದು ಈ ಸೀಮೆಯಲ್ಲಿ ಅದೇ ಮೊದಲು ಎಂದ ಕಾಯಿ ಕೀಳುವವನು.

ಮೊಟ್ಟೆ ಒಡೆಯಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಆ ಪಾತಿಗೆ ಗುದ್ದಲಿ, ನೇಗಿಲು, ಗೊಬ್ಬರ ಏನೂ ಬೇಡವೆಂದು ಅಮ್ಮ ನಾಲ್ಕು ಕಡ್ಡಿ ನೆಟ್ಟು ಹಳೇ ಸೀರೆಯಂಚು ಸುತ್ತಿದಳು. ರೋಟವೇಟರ್ ಹೊಡೆಯಲು ಬಂದ ಟ್ರಾಕ್ಟರ್ ಹುಡುಗ ಎಲ್ಲ ಮರದ ಸುತ್ತ ಹೊಡೆದು ಅಲ್ಲಿ ಬ್ರೇಕು ಹಾಕಿದ.

"ಇದೊಂದು ಯಾಕವ್ವ ಬುಟ್ಟಿರದು?"

"ಪುರುಡು ಕಣಪ್ಪ, ಆಚೆ ತಿರುಗಿಸ್ಕೊ."

ಹುಡುಗ ಚಪ್ಪಲಿ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ದನಿ ತಗ್ಗಿಸಿ ಕೇಳಿದ: "ಗಂಡೋ ಹೆಣ್ಣೋ?"

"ಹತ್ತಿಪ್ಪತ್ತು ಅವೆ. ಇನ್ನೂ ನೋಡಿಲ್ಲ."