ಕಸದಿಂದ ರಸ, ರಸದಿಂದ ರಸೀದಿ

ಬೆಂಗಳೂರಿನಲ್ಲಿ ಬಡವರ ಹಾಗೆ ಮನೆ ಇಟ್ಟುಕೊಳ್ಳಬೇಕಾದರೆ ಈಗ ಕೈತುಂಬ ಸಂಬಳ ಇರಬೇಕು. ತುಕ್ಕು ಹಿಡಿದ ತಗಡಿನ ಟ್ರಂಕು, ಗಾಜು ಒಡೆದ ಲಾಟೀನು, ಚಕ್ಕೆ ಎದ್ದ ಎನಾಮೆಲ್ ತಟ್ಟೆ, ಗೆದ್ದಲು ಅರ್ಧ ತಿಂದು ಬೇಸರವಾಗಿ ಬಿಟ್ಟುಹೋದ ಬಾಗಿಲು. ಇವೆಲ್ಲ ಗುಜರಿಯವನ ತಳ್ಳುಗಾಡಿಯಲ್ಲಿ ಇರುವಷ್ಟು ಹೊತ್ತು ಕೆ.ಜಿ. ಲೆಕ್ಕ. ಹಳದಿ ದೀಪ ಉರಿಯುವ ಅಂಗಡಿಯೊಳಕ್ಕೆ ಕಾಲಿಟ್ಟ ಕ್ಷಣ ‘ವಿಂಟೇಜ್’. ನಡುವೆ ತೂಕವೇನೂ ಹೆಚ್ಚಿರುವುದಿಲ್ಲ. ತುಕ್ಕು ಉದುರಿ ಸ್ವಲ್ಪ ಇಳಿದೇ ಇರುತ್ತದೆ.

‘ಕಡಿಮೆ ಖರ್ಚಿನಲ್ಲಿ ಚೆಂದದ ಮನೆ’ ಎಂಬ ವ್ರತ ಹಿಡಿದವರ ಲೆಕ್ಕಪುಸ್ತಕವನ್ನು ಒಮ್ಮೆ ತೆರೆದು ನೋಡೋಣ. ಒಂದು ಖಾಲಿ ಬಾಟಲಿ ಇದೆ ಅನ್ನಿ. ಬಾಟಲಿ ಪುಕ್ಕಟೆ. (ಒಳಗೆ ಇದ್ದದ್ದರ ಬೆಲೆಯನ್ನು ಅಲಂಕಾರಕ್ಕೆ ಸೇರಿಸುವ ಪದ್ಧತಿ ಇಲ್ಲ, ಅದು ಯಜಮಾನರ ಖಾತೆ.) ಸುತ್ತಲು ಸೆಣಬಿನ ದಾರ, 100 ರೂಪಾಯಿ. ಅಂಟಿಸಲು ಗ್ಲೂ ಗನ್, 300. ಆ ಗನ್ನಿಗೆ ತುಂಬಲು ಕಡ್ಡಿ, 100. ಬಣ್ಣದ ಸೆಟ್ಟು 400, ಕುಂಚ 150, ಮೇಲೆ ಬಳಿಯಲು ವಾರ್ನಿಷ್ 200, ಒಳಗೆ ಇಳಿಬಿಡಲು ಮಿಣುಕು ದೀಪದ ಸರ 150. ಅಲ್ಲಿಗೆ ಪುಕ್ಕಟೆ ಬಾಟಲಿಗೆ 1,400 ರೂಪಾಯಿ. ಅದರಲ್ಲಿ ಹೂ ಇಡೋಣವೆಂದರೆ ಒಳಗೆಲ್ಲ ವೈರು. ನೀರು ಕುಡಿಯೋಣವೆಂದರೆ ವಾರ್ನಿಷ್ ವಾಸನೆ. ಆದರೆ ಬಂದವರೆಲ್ಲ ‘ಎಲ್ಲಿ ತಗೊಂಡ್ರಿ?’ ಎಂದು ಕೇಳಲೇಬೇಕು, ‘ಅಯ್ಯೋ, ತಗೊಳ್ಳೋದೇನು, ನಾನೇ ಮಾಡಿದ್ದು’ ಎಂದು ಇವರು ಹೇಳಲೇಬೇಕು. 1,400 ರೂಪಾಯಿ ಕೊಟ್ಟು ಕೊಂಡದ್ದು ಆ ಒಂದು ಸಾಲನ್ನೇ.

ಇದಕ್ಕೂ ಶಾಸ್ತ್ರಾಧಾರ ಉಂಟು. ಅಮೆರಿಕದ ಮೂವರು ಸಂಶೋಧಕರು 2012ರಲ್ಲಿ ‘ಐಕಿಯಾ ಎಫೆಕ್ಟ್’ ಎಂಬ ಹೆಸರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಗದ ಕೊಟ್ಟು ಕಪ್ಪೆಯನ್ನೋ ಕೊಕ್ಕರೆಯನ್ನೋ ಮಡಿಸಲು ಜನರಿಗೆ ಹೇಳಿದರು. ತಾವು ಮಡಿಸಿದ ಸೊಟ್ಟ ಕೊಕ್ಕರೆಗೆ ಜನ ಕಟ್ಟಿದ ಬೆಲೆ, ಪಳಗಿದ ಕೈ ಮಡಿಸಿದ ಕೊಕ್ಕರೆಯ ಬೆಲೆಗೆ ಹತ್ತಿರವೇ ಇತ್ತು. ಹೊರಗಿನವರ ಕಣ್ಣಿಗೆ ಮಾತ್ರ ಅದು ಬರೀ ಮುದುಡಿದ ಕಾಗದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮ ಅಜ್ಜಿಯಂದಿರು ಯಾವ ಅನುದಾನವನ್ನೂ ಪಡೆಯದೆ ಸಾರಿಬಿಟ್ಟಿದ್ದರಲ್ಲ, ಅದೇ. ಆ ಅಧ್ಯಯನಕ್ಕೆ ಹೆಸರು ಕೊಟ್ಟ ಐಕಿಯಾ ಎಂಬ ಪೀಠೋಪಕರಣದ ಅಂಗಡಿ 2022ರ ಜೂನ್‌ನಲ್ಲಿ ನಮ್ಮ ನಾಗಸಂದ್ರಕ್ಕೂ ಬಂತು. ಮೊದಲ ವಾರ ಜನ ತಿರುಪತಿಯ ಧರ್ಮದರ್ಶನಕ್ಕೆ ನಿಂತಷ್ಟೇ ಭಕ್ತಿಯಿಂದ ಸರತಿಯಲ್ಲಿ ನಿಂತರು. ಒಳಗೆ ಹೋದವರು ಮರದ ಮೇಜನ್ನು ಬಿಡಿಬಿಡಿಯಾಗಿ ಕೊಂಡು, ಮನೆಗೆ ತಂದು, ತಾವೇ ಬೋಲ್ಟು ತಿರುಗಿಸಿ ಜೋಡಿಸಿ, ‘ನಾನೇ ಮಾಡಿದ ಮೇಜು’ ಎಂದರು. ಈ ಲೆಕ್ಕದಲ್ಲಿ ಒಗ್ಗರಣೆ ಹಾಕಿದವರು ಬೇಳೆಯನ್ನೂ ಬೆಳೆದಂತೆಯೇ.

ಇನ್ನು ಹೊಸದನ್ನು ಹಳೆಯದು ಮಾಡುವ ಕಸುಬು. ಹೊಸ ಮರ ತಂದು, ಬಣ್ಣ ಬಳಿದು, ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಅಲ್ಲಲ್ಲಿ ಕೆರೆದು, ಮೂರು ತಲೆಮಾರು ಬಾಳಿದ ಹಾಗೆ ತೋರಿಸಬೇಕು. ಈ ಕೆಲಸಕ್ಕೆ ಬಂದ ಬಡಗಿಯ ಸಂಕಟ ಯಾರಿಗೂ ಬೇಡ.

‘ಮೇಡಂ, ಬಳಿದ ಬಣ್ಣಾನ ಮತ್ತೆ ನಾನೇ ಕೆರೀಬೇಕಾ?’

‘ಹೂಂ ಅಣ್ಣ. ತುಂಬಾ ಕಷ್ಟಪಟ್ಟಿರೋ ಹಾಗೆ ಕಾಣಬೇಕು.’

‘ಅಂಥದ್ದೇ ನಮ್ಮನೇಲಿ ಒಂದಿದೆ ಮೇಡಂ. ಅದನ್ನ ತಂದ್ಕೊಟ್ಟು ಇದನ್ನ ನಾನು ತಗೊಂಡ್ಹೋಗ್ಲಾ?’

ಮೇಡಂ ನಕ್ಕರು. ಬಡಗಿ ತಮಾಷೆಗೆ ಕೇಳಿರಲಿಲ್ಲ.

ಇಂಥ ಅಲಂಕಾರಕ್ಕೆ ಮಾದರಿಯಾಗುವ ಚಿತ್ರಗಳಲ್ಲಿ ಎಷ್ಟೋ ಬರುವುದು ಡೆನ್ಮಾರ್ಕ್, ಸ್ವೀಡನ್ ಕಡೆಯಿಂದ. ಡಿಸೆಂಬರಿನಲ್ಲಿ ಅಲ್ಲಿನ ರಾಜಧಾನಿಗಳಲ್ಲಿ ಮಧ್ಯಾಹ್ನ ನಾಲ್ಕಾಗುವ ಮೊದಲೇ ಸೂರ್ಯ ಮುಳುಗುತ್ತಾನೆ. ಅವರು ಮೇಣದ ಬತ್ತಿ ಹಚ್ಚಿ, ಸೋಫಾದ ಮೇಲೆ ಉಣ್ಣೆಯ ಹೊದಿಕೆ ಹಾಸಿಕೊಂಡು ಕೂರದೆ ಇನ್ನೇನು ಮಾಡಿಯಾರು? ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಹಾಲಿನಲ್ಲೂ ಅದೇ ಉಣ್ಣೆಯ ಹೊದಿಕೆ, ಅದೇ ಬತ್ತಿ, ಮೇಲೆ ಫ್ಯಾನು. ಫ್ಯಾನು ಹಾಕಿದರೆ ಬತ್ತಿ ಆರುತ್ತದೆ, ಬತ್ತಿ ಉಳಿಸಿದರೆ ಮನುಷ್ಯ ಬೇಯುತ್ತಾನೆ. ನಮ್ಮ ಸೆಕೆಗೆಂದೇ ಇದ್ದ ರೆಡ್ ಆಕ್ಸೈಡ್ ನೆಲವನ್ನು ನಾವು ‘ಹಳೇ ಕಾಲದ್ದು’ ಎಂದು ಒಡೆಸಿ ಟೈಲ್ಸ್ ಹಾಕಿಸಿ ಬಹಳ ವರ್ಷವಾಯಿತು. ಈಗ ಆ ಕೆಂಪು ನೆಲ ಮತ್ತೆ ಬೇಕಂತೆ. ಅದನ್ನು ತಿಕ್ಕಿ ತಿಕ್ಕಿ ಕನ್ನಡಿ ಮಾಡುತ್ತಿದ್ದ ಮೇಸ್ತ್ರಿಗಳು ಈ ನಡುವೆ ಟೈಲ್ಸ್ ಹಾಕುವುದನ್ನು ಕಲಿತುಬಿಟ್ಟಿದ್ದಾರೆ. ಉಳಿದ ಒಬ್ಬಿಬ್ಬರು ಹೇಳಿದ್ದೇ ರೇಟು. ಹೇಳಲಿ, ಅಷ್ಟು ದಿನ ಕಾದಿದ್ದಾರೆ.

ಬಾಡಿಗೆ ಮನೆಯವರ ಪಾಡು ಬೇರೆ. ಬೆಂಗಳೂರಿನ ಮಾಲೀಕರು 10 ತಿಂಗಳವರೆಗಿನ ಬಾಡಿಗೆಯನ್ನು ಅಡ್ವಾನ್ಸ್ ಇಸಿದುಕೊಂಡು ಕೀಲಿಕೈ ಕೊಡುವಾಗ ಹೇಳುವ ಆಶೀರ್ವಾದದ ಮಾತು ಒಂದೇ: ‘ಗೋಡೆಗೆ ಮೊಳೆ ಹೊಡೀಬೇಡಿ.’ ಕೇಂದ್ರ ಸರ್ಕಾರ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎಂದಿದೆ. ಮೊಳೆಯ ವಿಚಾರದಲ್ಲಿ ಮಾಲೀಕರು ತೋರುವ ಗಟ್ಟಿತನ ಅಡ್ವಾನ್ಸಿನ ವಿಚಾರದಲ್ಲೂ ಹಾಗೇ ಇದೆ. ಹೀಗಾಗಿ ಬಾಡಿಗೆದಾರ ಕಲಾವಿದರು ಅಂಟು ಟೇಪಿನ ಮೇಲೆ ಸಂಸಾರ ನಡೆಸುತ್ತಾರೆ. ರಾತ್ರಿ ಎರಡು ಗಂಟೆಗೆ ಫೋಟೊ ಚೌಕಟ್ಟು ಟೇಪು ಬಿಟ್ಟು ಧೊಪ್ಪೆಂದು ಬೀಳುತ್ತದೆ, ಬೀಳುವಾಗ ಗೋಡೆಯ ಸುಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಮನೆ ಬಿಡುವಾಗ ಹೇಗೂ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಹಾಗಿದ್ದ ಮೇಲೆ ಮೊದಲೇ ಒಂದು ಮೊಳೆ ಹೊಡೆಯಬಹುದಿತ್ತು.

ಈಗ ನಮ್ಮ ಅಮ್ಮಂದಿರ ಷೋಕೇಸಿಗೆ ಬರೋಣ. 1980ರ ದಶಕದ ಯಾವ ಮಧ್ಯಮ ವರ್ಗದ ಮನೆಗೆ ಹೋದರೂ, ದಾವಣಗೆರೆಯಾಗಲಿ ಹಾಸನವಾಗಲಿ, ಹಾಲಿನಲ್ಲಿ ಒಂದು ಗಾಜಿನ ಷೋಕೇಸು. ಅದರಲ್ಲಿ ಮಣಿಯಲ್ಲಿ ಪೋಣಿಸಿದ ಹಂಸ, ಮದುವೆ ಕಾಗದ ಕತ್ತರಿಸಿ ಮಾಡಿದ ಗಿಳಿ, ಐಸ್‌ಕ್ರೀಮ್ ಕಡ್ಡಿಯ ಗುಡಿಸಲು. ಬಾಗಿಲಿಗೆ ಒಡೆದ ಬಳೆಯ ತೋರಣ, ಮೂಲೆಯಲ್ಲಿ ವೈರ್ ಬುಟ್ಟಿ, ಟೀವಿಗೆ ಕ್ರೋಷಾ ಹೊದಿಕೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಮನಿಪ್ಲಾಂಟು. ಆ ಹೊದಿಕೆಯನ್ನು ಸರಿಸಿ, ಮಡಿಸಿ ಪಕ್ಕಕ್ಕಿಟ್ಟ ಮೇಲೆಯೇ ರಾಮಾಯಣ ಶುರುವಾಗುತ್ತಿತ್ತು. ಇದಕ್ಕೆ ನಿಜವಾಗಿಯೂ ಕಾಸು ಖರ್ಚಾಗುತ್ತಿರಲಿಲ್ಲ, ಏಕೆಂದರೆ ಕಾಸು ಇರಲಿಲ್ಲ. ಮಕ್ಕಳು ಎಂಜಿನಿಯರಾದರು. ‘ಏನಮ್ಮಾ ಇದು, ಚೀಪಾಗಿದೆ’ ಎಂದು ಷೋಕೇಸನ್ನೇ ಗುಜರಿಗೆ ಹಾಕಿಸಿದರು. ಅವೇ ಮಕ್ಕಳು ಈಗ ಶನಿವಾರದ ಬೆಳಗ್ಗೆ ಇಂದಿರಾನಗರದಲ್ಲಿ ಶುಲ್ಕ ಕಟ್ಟಿ ಕ್ರೋಷಾ ಕಲಿಯುತ್ತಿದ್ದಾರೆ. ಮೊದಲ ಗಂಟು ಬೀಳದೆ ಕಣ್ಣು ಕೆಂಪಾದಾಗ ಊರಿಗೆ ಫೋನು ಮಾಡುತ್ತಾರೆ. ಅಮ್ಮ ಫೋನಿನಲ್ಲೇ ಹೇಳಿಕೊಡುತ್ತಾಳೆ, ಪಾಪ, ಅವಳಿಗೆ ಶುಲ್ಕ ಎಂಬ ವಿಷಯವೇ ಗೊತ್ತಿಲ್ಲ.

ನೆಲುವಿಗೂ ಇದೇ ಗತಿ. ಬೆಣ್ಣೆ, ಹಾಲು ಬೆಕ್ಕಿಗೆ ಸಿಗಬಾರದೆಂದು ತೊಲೆಯಿಂದ ಇಳಿಬಿಡುತ್ತಿದ್ದ ಹಗ್ಗದ ನೆಲುವು ಫ್ರಿಜ್ಜು ಬಂದ ದಿನ ಒಲೆಗೆ ಹೋಯಿತು. ಅದೀಗ ಮ್ಯಾಕ್ರಮೆ ಎಂಬ ಹೆಸರಿನಲ್ಲಿ ಬಾಲ್ಕನಿಗೆ ಬಂದಿದೆ, ಮಡಕೆಯ ಬದಲು ಕ್ರೋಟನ್ ಗಿಡ ಹೊತ್ತು. ಬೆಕ್ಕೂ ಬಂದಿದೆ, ಪರ್ಷಿಯನ್.

ಇಲ್ಲಿಯವರೆಗಿನದು ನಗುವ ಮಾತಾಯಿತು. ಕೌದಿಯ ವಿಷಯಕ್ಕೆ ಬಂದರೆ ನನಗೆ ನಗು ಬರುವುದಿಲ್ಲ. ಧಾರವಾಡ, ವಿಜಯಪುರದ ಕಡೆ ಮನೆ ಬಾಗಿಲಿಗೆ ಬಂದು, ಹಳೆಯ ಸೀರೆ ಧೋತರಗಳನ್ನು ಇಸಿದುಕೊಂಡು, ಅಂಗಳದಲ್ಲೇ ಕೂತು ಕೌದಿ ಹೊಲಿದುಕೊಡುವ ಹೆಂಗಸರಿದ್ದಾರೆ. ಅವರು ಕೂಲಿ ಹೇಳಿದರೆ ‘ಏನವ್ವಾ, ಅರಿವೆ ನಮ್ಮದs, ದಾರ ನಮ್ಮದs, ಇಷ್ಟ್ಯಾಕ?’ ಎಂದು ಚೌಕಾಶಿ. ಅದೇ ಕೌದಿ ನಗರದ ಮಳಿಗೆಯ ಗೋಡೆಗೆ ಏರಿದ ಮೇಲೆ ಬೆಲೆಚೀಟಿಯನ್ನು ಮಗುಚಿ ನೋಡುವುದೇ ಅಸಭ್ಯತೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನ ಕಂಡಿವೆ. ಹೊಲಿಗೆ ಮುಗಿಯುವಾಗ ಮೂಲೆಗೆ ಮಡಿಸಿದ ಬಟ್ಟೆಯ ‘ಫುಲ’ ಕೂರಿಸದಿದ್ದರೆ ಅವರ ಲೆಕ್ಕದಲ್ಲಿ ಆ ಕೌದಿ ಬೆತ್ತಲೆ. ಕೆಂಪು, ಹಸಿರು, ಹಳದಿ, ಕೈಗೆ ಸಿಕ್ಕ ಬಟ್ಟೆಯೆಲ್ಲ ಅದರಲ್ಲಿರುತ್ತದೆ. ಅದನ್ನು ಮೆಚ್ಚಿದ ನಗರದ ಗಿರಾಕಿ ಕೇಳುವುದು: ‘ತುಂಬಾ ಚೆನ್ನಾಗಿದೆ. ಇದೇ ಬೀಜ್ ಕಲರ್‌ನಲ್ಲಿ ಸಿಗುತ್ತಾ? ನಮ್ಮ ಕರ್ಟನ್ನಿಗೆ ಹೊಂದಬೇಕು.’

ಬೀಜ್ ಎಂದರೆ ಏನೂ ಬೇಡವೆಂಬ ಬಣ್ಣ. ಕೌದಿಗೆ ಆದದ್ದೇ ಹಸೆ ಚಿತ್ತಾರಕ್ಕೂ ಆಯಿತು. ಸಾಗರದ ಸುತ್ತಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ, ಅಕ್ಕಿಹಿಟ್ಟಿನ ಬಿಳುಪಿನಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಆ ಚಿತ್ತಾರ ಇವತ್ತು ಕಾಫಿ ಲೋಟದ ಅಡಿಯ ಬಿಲ್ಲೆಯ ಮೇಲೆ ಅಚ್ಚಾಗಿದೆ. ಹಸೆಗೆ ಏರಬೇಕಾದದ್ದರ ಮೇಲೆ ಬಿಸಿ ಲೋಟ ಏರಿದೆ. ಯಾರು ಬರೆದದ್ದು ಎಂದು ಬಿಲ್ಲೆಯ ಹಿಂಬದಿ ನೋಡಿದರೆ ಕಾಣುವುದು ಬಾರ್‌ಕೋಡ್.

ಇಷ್ಟೆಲ್ಲ ಮಾಡಿದ್ದು ‘ಆತ್ಮೀಯ’ ಮನೆಗಾಗಿ, ಬಂದವರನ್ನು ಬರಮಾಡಿಕೊಳ್ಳಲು. ಹಾಗಾದರೆ ಬಂದವರ ಕಥೆ ಕೇಳಿ. ಗೇಟಿನಲ್ಲಿ ಸೆಕ್ಯೂರಿಟಿಯವರು ಫೋಟೊ ಹೊಡೆದುಕೊಂಡು, ಮೊಬೈಲಿನಲ್ಲಿ ಒಪ್ಪಿಗೆ ಬರುವ ತನಕ ಬಿಸಿಲಲ್ಲಿ ನಿಲ್ಲಿಸುತ್ತಾರೆ. ಬಾಗಿಲಲ್ಲಿ ‘ವೆಲ್‌ಕಮ್’ ಎಂದು ಬರೆದ ಕಾಲೊರಸು. ‘ಅಯ್ಯೋ, ಅದರ ಮೇಲೆ ಕಾಲಿಡಬೇಡಿ, ಕೈಮಗ್ಗದ್ದು, ಪಕ್ಕದಿಂದ ಬನ್ನಿ.’ ಸೋಫಾದಲ್ಲಿ ಕೈಕಸೂತಿಯ ಏಳು ದಿಂಬುಗಳು ಮೊದಲೇ ಕುಳಿತಿರುತ್ತವೆ. ಅತಿಥಿ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಠ ಮಾಡುವ ಕೂಸನ್ನು ಹಿಡಿದವರ ಹಾಗೆ ತುದಿಯಲ್ಲಿ ಕೂರಬೇಕು. ಟೀಪಾಯಿಯ ಮೇಲೆ ಉರುಳಿ, ಉರುಳಿಯಲ್ಲಿ ನೀರು, ನೀರಲ್ಲಿ ಹೂವು. ಲೋಟ ಇಡಲು ಜಾಗವಿಲ್ಲ.

ಹಿಂದೆ ಹೀಗಿರಲಿಲ್ಲ, ಜಗಲಿ ಇತ್ತು, ಬೆಲ್ಲ ನೀರು ಇತ್ತು ಎಂದು ಕಣ್ಣೀರಿಡುವವರಿಗೂ ಒಂದು ಮಾತು. ಜಗಲಿ ಇತ್ತು ನಿಜ. ಯಾವ ಜಾತಿಯವರು ಜಗಲಿಯ ತನಕ, ಯಾವ ಜಾತಿಯವರು ಅಂಗಳದ ತನಕ ಎಂಬ ಗೆರೆಯೂ ಇತ್ತು. ಅದರ ಮೊಮ್ಮಗ ಈಗ ಅಪಾರ್ಟ್‌ಮೆಂಟಿನಲ್ಲಿ ‘ಸರ್ವಿಸ್ ಲಿಫ್ಟ್’ ಎಂಬ ಹೆಸರಿನಲ್ಲಿ ಸುಖವಾಗಿದ್ದಾನೆ. ಆ ಲಿಫ್ಟಿನಲ್ಲಿ ಬರುವ ಕೆಲಸದಾಕೆಯ ಮನೆಗೇ ಈ ಎಲ್ಲ ಅಲಂಕಾರ ಕೊನೆಗೆ ಹೋಗಿ ಸೇರುವುದು. ಮಿಣುಕುವ ಬಾಟಲಿಯ ವೈರು ಕಿತ್ತು ಅವಳು ಅಡುಗೆ ಎಣ್ಣೆ ತುಂಬಿದ್ದಾಳೆ. ತುಕ್ಕಿನ ಟ್ರಂಕಿನಲ್ಲಿ ಮಗಳ ಶಾಲೆಯ ಪುಸ್ತಕಗಳಿವೆ. ಕಸದಿಂದ ರಸ ತೆಗೆದವಳು ಇಡೀ ಪ್ರಕರಣದಲ್ಲಿ ಅವಳೊಬ್ಬಳೇ, ಅವಳು ಅದರ ಫೋಟೊ ತೆಗೆದಿಲ್ಲ.

ಕೈಕೆಲಸದ ವಸ್ತು ಬೇಕೇ ಬೇಕು ಎನ್ನುವವರಿಗೆ ಒಂದು ಕೋರಿಕೆ. ಚನ್ನಪಟ್ಟಣ ಬೆಂಗಳೂರಿನಿಂದ 60 ಕಿ.ಮೀ., ಮೈಸೂರಿನ ರೈಲು ಅಲ್ಲಿ ನಿಲ್ಲುತ್ತದೆ. ಹಾಲೆ ಮರದ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ಆ ಉಜ್ಜುವಿಕೆಯ ಬಿಸಿಗೆ ಕರಗಿಸಿ ಬಳಿಯುವ ಕೆಲಸವನ್ನು ಕಣ್ಣಾರೆ ನೋಡಬಹುದು. ನೋಡಿ, ಮಾಡಿದವರ ಕೈಗೇ ಅವರು ಕೇಳಿದಷ್ಟು ದುಡ್ಡು ಕೊಟ್ಟು ಬನ್ನಿ. ದಯವಿಟ್ಟು ಬೀಜ್ ಕಲರ್ ಇದೆಯೇ ಎಂದು ಮಾತ್ರ ಕೇಳಬೇಡಿ.